ಎಡಗಡೆಯ ಹಳ್ಳವನ್ನು ಬಲಗಡೆ ಬರೆದವನ ತಪ್ಪೊಪ್ಪಿಗೆ

ಉದ್ಯಾನ ಮತ್ತು ಜಲಮೂಲ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ಹೋದ ವರ್ಷ ತಾವು ಗುಂಡಿ ಒತ್ತಿ ಹರಿಯಬಿಟ್ಟ ತೊರೆ ಆ ಜಾಗದಲ್ಲಿ ಯಾವತ್ತೂ ಇರಲಿಲ್ಲ. ಅಲ್ಲಿ ಇದೆ ಎಂದು ನಕ್ಷೆಯಲ್ಲಿ ಬರೆದವನು ನಾನು. ನಿಜವಾದ ಹಳ್ಳ ರಸ್ತೆಯ ಇನ್ನೊಂದು ಬದಿಯಲ್ಲಿ ಈಗಲೂ ಹರಿಯುತ್ತಿದೆ. ಮುಂದಿನ ತಿಂಗಳು ತಾವು ಅದರ ಮೇಲೆ ಕಾಂಕ್ರೀಟ್ ಹಾಸಿ, ಉದ್ಯಾನಕ್ಕೆ ಬರುವವರ ಕಾರು ನಿಲ್ಲಿಸಲು ಜಾಗ ಮಾಡಲಿದ್ದೀರಿ. ಅಂದರೆ, ಇಲ್ಲದ ಹಳ್ಳವನ್ನು ನೋಡಲು ಬರುವವರ ಅನುಕೂಲಕ್ಕಾಗಿ ಇರುವ ಹಳ್ಳವನ್ನು ಮುಚ್ಚಲಿದ್ದೀರಿ. ಆ ಹಳ್ಳದ ದಂಡೆಯಲ್ಲಿ ನನ್ನ ಅಕ್ಕನ ಮನೆ ಇದೆ, ಮನೆಯ ಮುಂಭಾಗದಲ್ಲೇ ಅವಳ ಲಾಂಡ್ರಿ ಇದೆ. ಮಳೆಗಾಲಕ್ಕೆ ಇನ್ನು ಆರು ವಾರ. ಇದನ್ನೆಲ್ಲ ಮೂರು ಸಲ ಅರ್ಜಿಯಲ್ಲಿ ಬರೆದು ಕೊಟ್ಟೆ, ಮೂರಕ್ಕೂ ಸ್ವೀಕೃತಿ ಸಂಖ್ಯೆ ಸಿಕ್ಕಿತು. ಸಂಖ್ಯೆಯ ಹಿಂದೆ ಉತ್ತರವೂ ಬಂದೀತೆಂದು ಕಾದು ಸಾಕಾಗಿ, ಈಗ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ಉದ್ಯಾನ ಚೆನ್ನಾಗಿಯೇ ಇದೆ, ಆ ಮಾತಿನಲ್ಲಿ ಕೊಂಕಿಲ್ಲ. ಬೆಂಚಿಗೆ ಒರಗಿದರೆ ಬೆನ್ನು ನೋಯುವುದಿಲ್ಲ, ನಡೆದಾಡುವ ದಾರಿ ಸಮತಟ್ಟಾಗಿದೆ, ಶೌಚಾಲಯಕ್ಕೆ ಬೀಗ ಜಡಿದಿಲ್ಲ. ಕೊಂಕೆಲ್ಲ ತೊರೆಯ ವಿಷಯದಲ್ಲಿ. ನೀರು ನೀಲಿಯಾಗಿ ಕಾಣಲೆಂದು ತಳಕ್ಕೆ ನೀಲಿ ಬಣ್ಣ ಬಳಿದಿದ್ದೀರಿ. ಉರುಟು ಕಲ್ಲುಗಳನ್ನು ಯಾರೂ ಎತ್ತಿಕೊಂಡು ಹೋಗದ ಹಾಗೆ ಸಿಮೆಂಟಿನಲ್ಲಿ ಹೂತಿದ್ದೀರಿ. ಫೈಬರ್ ಬಾತುಕೋಳಿಗಳು ಆರಿವೆ, ಆರೂ ಟಿಕೆಟ್ ಕೌಂಟರಿನ ಕಡೆಗೇ ನೋಡುತ್ತವೆ. ‘ತೊರೆ ಹರಿಯುವ ಸಮಯ: ಬೆಳಿಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕರಿಂದ ಎಂಟು. ಸೋಮವಾರ ರಜೆ’ ಎಂದು ಫಲಕ ಹಾಕಿದ್ದೀರಿ. ಮೂವತ್ತಾರು ವರ್ಷ ಸರ್ಕಾರಿ ಕಚೇರಿಯಲ್ಲಿ ಸವೆದವನು ನಾನು. ಹಳ್ಳಕ್ಕೂ ಹಾಜರಿ ಪುಸ್ತಕ ಇಡಬಹುದು ಎಂಬುದು ನನಗೆ ಒಂದು ದಿನವೂ ಹೊಳೆದಿರಲಿಲ್ಲ.

ಒಂದು ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಪಂಪಿನ ಕೋಣೆಯ ಹತ್ತಿರ ನಿಂತಿದ್ದೆ. ಪಂಪಿನವನು ಗುಂಡಿ ಒತ್ತಿ ಪಂಪು ನಿಲ್ಲಿಸಿ ಹೊರಗೆ ಬಂದು ಬೀಡಿ ಹಚ್ಚಿದ. ಬೀಡಿ ಮುಗಿಯುವಷ್ಟರಲ್ಲಿ ತೊರೆಯೂ ಮುಗಿಯಿತು.

“ಇಷ್ಟು ಬೇಗ ಖಾಲಿ ಆಗೋಯ್ತಲ್ಲಪ್ಪಾ?” ಅಂದೆ.

“ಇನ್ನೇನ್ ಸಾರ್ ಮತ್ತೆ? ಇದು ದಿಬ್ಬ. ದಿಬ್ಬದ ಮೇಲೆ ಎಲ್ಲಾದ್ರೂ ಹಳ್ಳ ಹರಿಯುತ್ತಾ? ನಿಮಗೆ ನೀರು ನೋಡ್ಬೇಕು ಅಂದ್ರೆ ರಸ್ತೆ ದಾಟಿ ಆ ಲಾಂಡ್ರಿ ಹಿಂದೆ ಹೋಗಿ. ಅಲ್ಲಿ ಕರೆಂಟ್ ಇಲ್ದೇನೇ ಹರಿಯುತ್ತೆ.”

ತಮ್ಮ ಇಡೀ ವಿಭಾಗದಲ್ಲಿ ನೀರು ಯಾವ ಕಡೆಗೆ ಹರಿಯುತ್ತದೆ ಎಂದು ಗೊತ್ತಿರುವವನು ಆತನೊಬ್ಬನೇ ಎಂದು ನನ್ನ ಅಂದಾಜು. ದಯವಿಟ್ಟು ಈ ಪತ್ರ ಓದಿ ಆತನನ್ನು ಎತ್ತಂಗಡಿ ಮಾಡಬೇಡಿ. ಆತ ಹೇಳಿದ್ದು ಅಲ್ಲಿ ವಾಕಿಂಗ್ ಮಾಡುವ ಎಲ್ಲರಿಗೂ ಗೊತ್ತು.

ಈಗ ಆ ಹಳ್ಳ ದಿಬ್ಬ ಹತ್ತಿದ್ದು ಹೇಗೆಂದು ಹೇಳುತ್ತೇನೆ. ಮೂವತ್ತೆಂಟು ವರ್ಷಗಳ ಹಿಂದಿನ ಮಾತು. ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿ ನನಗೆ ಮೂರು ವಾರವಾಗಿತ್ತು. ಆ ಕಾಲದಲ್ಲಿ ಅಳತೆಯವರು ರಸ್ತೆಯ ಉದ್ದಕ್ಕೂ ಸರಪಳಿ ಹಾಸಿಕೊಂಡು ನಡೆಯುತ್ತಿದ್ದರು. ಇಷ್ಟು ಅಡಿ ನಡೆದಾಗ ಎಡಕ್ಕೆ ಎಷ್ಟು ದೂರದಲ್ಲಿ ಏನಿದೆ, ಬಲಕ್ಕೆ ಎಷ್ಟು ದೂರದಲ್ಲಿ ಏನಿದೆ ಎಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡು ಬರುತ್ತಿದ್ದರು. ನಾವು ಕಚೇರಿಯಲ್ಲಿ ಕುಳಿತು ಆ ಪುಸ್ತಕ ನೋಡಿ ನಕ್ಷೆ ಮೂಡಿಸಬೇಕು. ನಮ್ಮಲ್ಲಿ ಒಂದು ಪದ್ಧತಿ ಇತ್ತು: ರಸ್ತೆ, ಕಟ್ಟಡ, ಗಡಿ ಇವೆಲ್ಲ ಹಳಬರಿಗೆ; ಬಾವಿ, ಮರ, ಹಳ್ಳ ಹೊಸಬರಿಗೆ. ತಪ್ಪಾದರೂ ಅವುಗಳ ಪರವಾಗಿ ಯಾರೂ ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ ಎಂಬ ಧೈರ್ಯ. ಹಾಗೆಯೇ ಮೇಜಿನ ಕಿಟಕಿಯ ಬದಿ ಹಳಬರಿಗೆ, ಎದುರಿನ ಕತ್ತಲು ಬದಿ ಹೊಸಬರಿಗೆ. ಹಾಳೆ ದೊಡ್ಡದು, ಮೇಜಿಗೆ ಪಿನ್ನು ಚುಚ್ಚಿ ಕೂರಿಸಿದ್ದು, ತಿರುಗಿಸುವ ಹಾಗಿರಲಿಲ್ಲ.

ಆ ದಿನ ಬೆಳಿಗ್ಗೆ ಕಿಟಕಿಯ ಬದಿಯ ಹಿರಿಯರು ತಡವಾಗಿ ಬರುತ್ತೇನೆಂದು ಹೇಳಿಕಳಿಸಿದ್ದರು. ಅವರ ಕುರ್ಚಿಯಲ್ಲಿ ಕುಳಿತು ಬಾವಿಗಳನ್ನೂ ಮರಗಳನ್ನೂ ಮುಗಿಸಿದೆ. ಮಧ್ಯಾಹ್ನ ಬಂದವರು, “ಏಳಯ್ಯಾ” ಅಂದರು. ಎದ್ದು ಎದುರು ಬದಿಗೆ ಹೋಗಿ ಕುಳಿತು ಹಳ್ಳ ಶುರು ಮಾಡಿದೆ. ಪುಸ್ತಕದಲ್ಲಿ ‘ಎಡಕ್ಕೆ ನಲವತ್ತು ಅಡಿ’ ಎಂದಿತ್ತು. ನಾನು ನನ್ನ ಎಡಕ್ಕೆ ನಲವತ್ತು ಅಡಿ ಎಣಿಸಿ ಚುಕ್ಕಿ ಇಟ್ಟೆ. ಎದುರುಬದುರು ಕುಳಿತವರಲ್ಲಿ ಒಬ್ಬರ ಎಡಗೈ ಇನ್ನೊಬ್ಬರ ಬಲಗೈ ಕಡೆಗಿರುತ್ತದೆ ಎಂಬ ಸಣ್ಣ ಸಂಗತಿ, ಹೊಟ್ಟೆ ತುಂಬ ಉಂಡು ಬಂದ ಇಪ್ಪತ್ತೆರಡರ ತಲೆಗೆ ಹೋಗಲಿಲ್ಲ. ಹೀಗೆ ಇಡೀ ಹಳ್ಳ ರಸ್ತೆಯ ಎಡದಿಂದ ಬಲಕ್ಕೆ ಬಂತು.

ಇಷ್ಟಕ್ಕೇ ನಿಂತಿದ್ದರೆ ಕೈತಪ್ಪು ಎಂದು ಬಿಡಬಹುದಿತ್ತು. ನಿಲ್ಲಲಿಲ್ಲ. ಮೂರೂವರೆಯ ಹೊತ್ತಿಗೆ ಅಕ್ಕಪಕ್ಕದ ಹಾಳೆಗಳನ್ನು ಜೋಡಿಸಿ ನೋಡಿದೆ, ಹಳ್ಳದ ಎರಡು ತುದಿಯೂ ಕೂಡುತ್ತಿಲ್ಲ. ಪಕ್ಕದ ಹಾಳೆಯಲ್ಲಿ ಹಳ್ಳ ರಸ್ತೆಯ ಎಡಕ್ಕೆ ಬಂದು ನಿಂತಿದೆ, ನನ್ನದರಲ್ಲಿ ಬಲದಿಂದ ಹೊರಡುತ್ತಿದೆ. ಎಲ್ಲೋ ಎಡವಟ್ಟಾಗಿದೆ ಎಂದು ಒಳಗೆ ಅನ್ನಿಸಿತ್ತು, ಇಲ್ಲವೆನ್ನಲಾರೆ. ಆದರೆ ತಿದ್ದಬೇಕೆಂದರೆ ಬ್ಲೇಡಿನಿಂದ ಶಾಯಿ ಕೆರೆಯಬೇಕು. ಕೆರೆದರೆ ಹಾಳೆ ಹಾಳಾಗುತ್ತದೆ, ಹಾಳೆ ಹಾಳಾದರೆ ಹೆಡ್ ಡ್ರಾಫ್ಟ್ಸ್‌ಮನ್ ಎಲ್ಲರೆದುರು ಬೆವರಿಳಿಸುತ್ತಾರೆ. ಅದಕ್ಕೆ ಸುಲಭದ ದಾರಿ ಹಿಡಿದೆ. ಎರಡು ತುದಿಯಲ್ಲೂ ಹಳ್ಳವನ್ನು ರಸ್ತೆ ದಾಟಿಸಿ ಗೆರೆ ಕೂಡಿಸಿದೆ. ಹಳ್ಳ ರಸ್ತೆ ದಾಟಬೇಕಾದರೆ ಸೇತುವೆ ಬೇಕಲ್ಲ? ಎರಡು ಕಿರುಸೇತುವೆಗಳನ್ನೂ ಬರೆದೆ. ಸಂಜೆಯೊಳಗೆ ಹಾಳೆಯ ಮೇಲೆ ಮೂರು ಸಹಿ, ಒಂದು ಸೀಲು ಬಿದ್ದವು.

ಮಾನ್ಯರೇ, ಉದ್ಯಾನದ ಎರಡು ತುದಿಯಲ್ಲಿ ತಾವು ‘ಪಾರಂಪರಿಕ ಕಿರುಸೇತುವೆ’ ಎಂದು ಕಂಚಿನ ಫಲಕ ನೆಟ್ಟಿದ್ದೀರಲ್ಲ, ಅವೇ ಇವು. ತಮ್ಮ ತಜ್ಞರು ಬಹಳ ಹುಡುಕಿದರಂತೆ. ಅಡಿಪಾಯದ ಒಂದು ಕಲ್ಲೂ ಸಿಗಲಿಲ್ಲವಂತೆ. ಸಿಗದಿದ್ದಾಗ, ಬಹುಶಃ ಇರಲೇ ಇಲ್ಲವೇನೋ ಎಂದು ಯಾರಿಗೂ ಸಂಶಯ ಬರಲಿಲ್ಲವೇ? ‘ಕಾಲಗರ್ಭದಲ್ಲಿ ಲೀನವಾದ ಅಪೂರ್ವ ರಚನೆಗಳು’ ಎಂದು ವರದಿ ಬರೆದು, ಹೊಸ ಕಲ್ಲಿನಲ್ಲಿ ಕಮಾನು ಕಟ್ಟಿ, ಹಳೆಯದಾಗಿ ಕಾಣಲು ಮಸಿ ಬಳಿಸಿದ್ದೀರಿ. ಮೊನ್ನೆ ಒಬ್ಬ ಟೀಚರು ಮಕ್ಕಳ ಸಾಲನ್ನು ಅಲ್ಲಿ ನಿಲ್ಲಿಸಿ, “ಹಿಂದಿನ ಕಾಲದವರು ಎಷ್ಟು ಅಚ್ಚುಕಟ್ಟಾಗಿ ಯೋಚನೆ ಮಾಡ್ತಿದ್ರು ನೋಡಿ ಮಕ್ಕಳೇ” ಎನ್ನುತ್ತಿದ್ದರು. ಹಿಂದಿನ ಕಾಲದವನಾದ ನಾನು ಪಕ್ಕದ ಬೆಂಚಿನಲ್ಲೇ ಬಿಸ್ಕತ್ತು ತಿನ್ನುತ್ತಾ ಕುಳಿತಿದ್ದೆ. ಎದ್ದು ಹೋಗಿ ಆ ಮಕ್ಕಳಿಗೆ ನಿಜ ಹೇಳಬೇಕೆನ್ನಿಸಿತು, ಆದರೆ ಟೀಚರಿಗೆ ಮುಜುಗರವಾದೀತೆಂದು ಸುಮ್ಮನಾದೆ.

ಸುಮ್ಮನಾಗುವುದರಲ್ಲಿ ನಾನು ಹಳೇ ಕೈ. ನಕ್ಷೆ ಬರೆದ ಆರು ತಿಂಗಳಿಗೆ ಅಕ್ಕನ ಮದುವೆಯಾಗಿ, ಅವಳು ಅದೇ ರಸ್ತೆಯ ಲಾಂಡ್ರಿ ಮನೆಗೆ ಹೋದಳು. ಮೊದಲ ಸಲ ನೋಡಲು ಹೋದಾಗ, “ಬಾರೋ, ನಮ್ಮನೆ ಹಿತ್ತಿಲು ತೋರಿಸ್ತೀನಿ” ಎಂದು ಹಿಂಬಾಗಿಲು ತೆರೆದಳು. ಎದುರಿಗೆ ಹಳ್ಳ. ನಾನು ರಸ್ತೆಯ ಯಾವ ಬದಿಯಲ್ಲಿ ನಿಂತಿದ್ದೇನೆಂದು ಲೆಕ್ಕ ಹಾಕಿದೆ, ಎಡಬದಿಯೇ ಬಂತು. ಮರುದಿನವೇ ಹೆಡ್ ಡ್ರಾಫ್ಟ್ಸ್‌ಮನ್ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ.

ಅವರು ತಲೆ ಎತ್ತಲೂ ಇಲ್ಲ. “ಸೀಲ್ ಬಿದ್ದಾಯ್ತಲ್ಲಯ್ಯಾ. ಹಳ್ಳ ಎಡಕ್ಕಿದ್ರೇನು, ಬಲಕ್ಕಿದ್ರೇನು? ಅದೇನು ಬಂದು ನಿನ್ನ ಕೇಳುತ್ತಾ? ಬಾಯಿ ಮುಚ್ಕೊಂಡಿರು. ನಿಂದಿನ್ನೂ ಕೆಲಸ ಕಾಯಂ ಆಗಿಲ್ಲ, ನೆನಪಿದೆ ತಾನೆ?”

ನೆನಪಿತ್ತು. ಬಾಯಿ ಮುಚ್ಚಿಕೊಂಡೆ. ಕೆಲಸ ಕಾಯಂ ಆಯಿತು, ಬಡ್ತಿ ಬಂತು, ನಿವೃತ್ತಿಯ ದಿನ ನನ್ನ ನಿಖರತೆಯ ಬಗ್ಗೆ ಭಾಷಣವನ್ನೂ ಮಾಡಿದರು. ಅಷ್ಟೂ ವರ್ಷ ಅಕ್ಕನ ಹಿತ್ತಿಲ ಕಟ್ಟೆಯ ಮೇಲೆ ಕುಳಿತು, ಆ ಹಳ್ಳ ನೋಡುತ್ತಾ ಟೀ ಕುಡಿದಿದ್ದೇನೆ. ಒಂದು ದಿನವೂ ಅವಳಿಗೆ ಹೇಳಲಿಲ್ಲ.

ಆ ಹಳ್ಳ ಅಂಥಾ ಸ್ವರ್ಗವೇನಲ್ಲ. ಬೇಸಿಗೆಯಲ್ಲಿ ನಾರುತ್ತದೆ. ಮೇಲಿನ ಎರಡು ಹೋಟೆಲುಗಳ ಮೋರಿ ನೀರು ಅದಕ್ಕೇ ಬರುತ್ತದೆ, ಯಾರೋ ಎಸೆದ ಒಂದು ಸ್ಕೂಟರಿನ ಸೀಟು ಮೂರು ವರ್ಷದಿಂದ ಅಲ್ಲೇ ಸಿಕ್ಕಿಕೊಂಡಿದೆ. ಆದರೂ ದಂಡೆಯಲ್ಲಿ ಜೊಂಡು ಬೆಳೆದಿದೆ, ಜೊಂಡಿನ ನೆರಳಿನಲ್ಲಿ ಬೆರಳುದ್ದದ ಮೀನುಗಳಿವೆ, ಆ ಮೀನುಗಳಿಗಾಗಿ ಒಂದು ಮಿಂಚುಳ್ಳಿ ಅಕ್ಕನ ಬಟ್ಟೆ ಒಣಹಾಕುವ ತಂತಿಯ ಮೇಲೆ ಬಂದು ಕೂರುತ್ತದೆ. ತಾವು ಹಳ್ಳಕ್ಕೆ ಮರುಜೀವ ಕೊಡುತ್ತೇವೆ ಎಂದು ಘೋಷಿಸಿದಾಗ ನಾನೂ ಚಪ್ಪಾಳೆ ತಟ್ಟಿದವನೇ. ಆ ಎರಡು ಮೋರಿಗಳನ್ನು ತಿರುಗಿಸಿ, ಕಸ ಎತ್ತಿ, ದಂಡೆಗೆ ನಾಲ್ಕು ಬೆಂಚು ಹಾಕಿದ್ದರೆ ಉಳಿದದ್ದನ್ನು ಹಳ್ಳವೇ ಮಾಡಿಕೊಳ್ಳುತ್ತಿತ್ತು. ತಾವು ಅದಕ್ಕೆ ಕೆಲಸ ಕೊಡಲಿಲ್ಲ, ಬದಲಿಗೆ ನನ್ನ ನಕ್ಷೆ ಕೈಯಲ್ಲಿ ಹಿಡಿದು ಎದುರಿನ ಒಣ ದಿಬ್ಬ ಅಗೆಯಲು ಹೋದಿರಿ.

ಅಗೆದ ಮಣ್ಣು ಎಲ್ಲಾದರೂ ಹಾಕಲೇಬೇಕಲ್ಲ? ದಾಖಲೆಯಲ್ಲಿ ರಸ್ತೆಯ ಎಡಕ್ಕೆ ‘ಖಾಲಿ ಜಾಗ’ ಎಂದಿತ್ತು. ಲಾರಿಗಟ್ಟಲೆ ಮಣ್ಣು ತಂದು ಆ ಖಾಲಿ ಜಾಗಕ್ಕೆ ಸುರಿಸಿದಿರಿ, ಅಂದರೆ ಅಕ್ಕನ ಮನೆಯಿಂದ ಕೆಳಗೆ, ಹಳ್ಳದ ಬಾಯಿಗೆ. ಹೋದ ಮಳೆಗಾಲದ ಮೂರನೇ ಮಳೆಗೆ ನೀರು ಹಿಂದಕ್ಕೆ ತಿರುಗಿತು. ಮಧ್ಯಾಹ್ನದ ಹೊತ್ತು, ಅಕ್ಕ ಇಸ್ತ್ರಿ ಮಾಡುತ್ತಿದ್ದಳಂತೆ. ಮೊಣಕಾಲುದ್ದ ನೀರು ಹಿಂಬಾಗಿಲಿನಿಂದ ನುಗ್ಗಿ ಮುಂಬಾಗಿಲಿನಿಂದ ರಸ್ತೆಗೆ ಇಳಿಯಿತು. ಗಿರಾಕಿಗಳ ಬಟ್ಟೆಯ ಗಂಟುಗಳನ್ನು ಒಂದೊಂದಾಗಿ ಅಟ್ಟಕ್ಕೆ ಎತ್ತಿಡುವಾಗ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಅರವತ್ತಾರರ ಮೂಳೆ, ಸರಿಯಾಗಿ ಕೂಡಲಿಲ್ಲ. ಈಗ ಇಸ್ತ್ರಿಪೆಟ್ಟಿಗೆಯನ್ನು ಎಡಗೈಯಲ್ಲಿ ಹಿಡಿಯುತ್ತಾಳೆ. ಶರ್ಟಿನ ಕಾಲರು ಮೊದಲಿನ ಹಾಗೆ ಬರುವುದಿಲ್ಲ ಎಂದು ಅವಳೇ ಗಿರಾಕಿಗಳಿಗೆ ಮೊದಲೇ ಹೇಳಿಬಿಡುತ್ತಾಳೆ.

ಮಣ್ಣು ತೆಗೆಸಿಕೊಡಿ ಎಂದು ಅಕ್ಕ ತಮಗೆ ಅರ್ಜಿ ಹಾಕಿದಳು. ಅದಕ್ಕೆ ಮಾತ್ರ ಹತ್ತೇ ದಿನದಲ್ಲಿ ಉತ್ತರ ಬಂತು. ಅದರ ಒಂದು ವಾಕ್ಯವನ್ನು ಇಲ್ಲಿ ಹಾಗೇ ಇಳಿಸುತ್ತಿದ್ದೇನೆ, ತಮಗೆ ಮರೆತಿರಬಹುದು: “ದಾಖಲೆಗಳ ಪ್ರಕಾರ ಸದರಿ ಸ್ಥಳದಲ್ಲಿ ಯಾವುದೇ ಜಲಮೂಲ ಅಸ್ತಿತ್ವದಲ್ಲಿಲ್ಲದ ಕಾರಣ, ಪ್ರವಾಹ ಉಂಟಾಗುವ ಪ್ರಮೇಯವೇ ಉದ್ಭವಿಸುವುದಿಲ್ಲ, ಅರ್ಜಿದಾರರು ತಮ್ಮ ಮನೆಯ ನಲ್ಲಿಗಳನ್ನು ಪರಿಶೀಲಿಸಿಕೊಳ್ಳತಕ್ಕದ್ದು.” ಮೊಣಕಾಲುದ್ದ ನೀರಿನಲ್ಲಿ ಕೈ ಮುರಿದುಕೊಂಡವಳಿಗೆ ನಲ್ಲಿ ಸರಿಯಾಗಿ ತಿರುಗಿಸಿಕೋ ಎನ್ನುವ ಧೈರ್ಯ ಎಲ್ಲರಿಗೂ ಬರುವುದಿಲ್ಲ. ಆದರೆ ನಗುವ ಹಾಗೆಯೂ ಇರಲಿಲ್ಲ. ಆ ಕಾಗದವನ್ನು ಅಕ್ಕನಿಗೆ ಓದಿ ಹೇಳುತ್ತಿದ್ದವನು ನಾನೇ. ‘ದಾಖಲೆಗಳ ಪ್ರಕಾರ’ ಎಂಬಲ್ಲಿಗೆ ಬಂದಾಗ ಕಾಗದ ಮಡಿಸಿ ಕೆಳಗಿಟ್ಟೆ.

ಅವತ್ತು ಹೇಳಿದೆ. ಮೇಜು, ಕಿಟಕಿ, ಎಡ, ಬಲ, ಎಲ್ಲವನ್ನೂ. ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಕೇಳಿಸಿಕೊಂಡಳು.

“ಮೂವತ್ತೆಂಟು ವರ್ಷ ಈ ಮನೇಲಿ ಕೂತು ತಿಂದು ಉಂಡಿದ್ದೀಯ. ಒಂದು ದಿನ ನಿನ್ನ ಬಾಯಿಗೆ ಬರ್ಲಿಲ್ವೇನೋ?”

“ಹೆದರಿಕೆ ಆಗ್ತಿತ್ತಕ್ಕಾ.”

“ಯಾರ ಹೆದರಿಕೆ? ನಂದಾ?”

ನಾನು ಅತ್ತುಬಿಟ್ಟೆ, ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ. ಅವಳು ಮುರಿದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಆಮೇಲೆ, “ನನ್ಮುಂದೆ ಅತ್ರೆ ನೀರು ಇಳಿಯುತ್ತಾ? ಎಲ್ಲಿ ಬರೆದ್ಯೋ ಅಲ್ಲಿಗೇ ಹೋಗಿ ಅಳಿಸಿ ಬಾ” ಅಂದಳು. ಮತ್ತೆ ಇಸ್ತ್ರಿ ಹಿಡಿದಳು, ನನಗೆ ಟೀ ಕೊಡಲಿಲ್ಲ.

ಅಳಿಸಲು ತಮ್ಮ ಕಚೇರಿಗೆ ಬಂದೆ. ಬರೆಯುವುದು ಎಷ್ಟು ಸುಲಭವಾಗಿತ್ತು, ಅಳಿಸುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಕಿಟಕಿಯಿಂದ ಕಿಟಕಿಗೆ ತಳ್ಳಿಸಿಕೊಂಡು ಕೊನೆಗೆ ತಮ್ಮ ವಿಭಾಗದ ಯುವ ಇಂಜಿನಿಯರ್ ಒಬ್ಬರ ಮುಂದೆ ಕುಳಿತೆ. ಸಭ್ಯ ಮನುಷ್ಯ, ಕುರ್ಚಿ ಕೊಟ್ಟರು, ನೀರು ಕೊಟ್ಟರು, ಎಲ್ಲವನ್ನೂ ಕೇಳಿಸಿಕೊಂಡು ತೀರ್ಪನ್ನೂ ಕೊಟ್ಟರು.

“ಸಾರ್, ನಕ್ಷೆ ಸರಿಯಾಗೇ ಇದೆ. ಹಳ್ಳ ಜಾಗ ಬಿಟ್ಟು ಹರೀತಿದೆ, ಅಷ್ಟೇ.”

“ಅಲ್ಲಪ್ಪಾ, ಬರೆದೋನೇ ತಪ್ಪು ಅಂತಿದ್ದೀನಲ್ಲ!”

“ನೀವೇ ಬರೆದಿದ್ದು ಅನ್ನೋದಕ್ಕೆ ದಾಖಲೆ ಏನಿದೆ?”

ಹಾಳೆಯ ಮೂಲೆಯಲ್ಲಿದ್ದ ನನ್ನ ಪುಟ್ಟ ಸಹಿ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. “ಹಾಗಾದ್ರೆ ಇದು ಅಧಿಕೃತ ಸಹಿ ಆಯ್ತು. ಅಧಿಕೃತ ಸಹಿ ಇರೋ ನಕ್ಷೇನ ಖಾಸಗಿಯವರು ತಪ್ಪು ಅನ್ನೋ ಹಾಗಿಲ್ಲ ಸಾರ್. ನೀವೀಗ ರಿಟೈರ್ಡು.”

ಗಮನಿಸಿದಿರಾ? ಕತ್ತಲು ಬದಿಯಲ್ಲಿ ತೂಕಡಿಸುತ್ತಾ ಗೆರೆ ಎಳೆದ ಇಪ್ಪತ್ತೆರಡರ ಹುಡುಗನನ್ನು ತಮ್ಮ ವಿಭಾಗ ಕಣ್ಣು ಮುಚ್ಚಿ ನಂಬುತ್ತದೆ. ಅವನೇ ಅರವತ್ತು ವರ್ಷದವನಾಗಿ, ಹಗಲು ಬೆಳಕಿನಲ್ಲಿ, ಪೂರ್ತಿ ಎಚ್ಚರದಲ್ಲಿ ಬಂದು ಹೇಳಿದರೆ ದಾಖಲೆ ಕೇಳುತ್ತದೆ. ಇಡೀ ಊರಿನಲ್ಲಿ ಆ ನಕ್ಷೆಯ ಬಗ್ಗೆ ಮಾತಾಡುವ ಅಧಿಕಾರ ಇಲ್ಲದವನು ಯಾರಾದರೂ ಇದ್ದರೆ ಅದು ಆ ನಕ್ಷೆ ಬರೆದವನು. ಇಂಥ ನಿಯಮವನ್ನು ಯಾವ ತಲೆ ಯೋಚಿಸಿತೋ ಗೊತ್ತಿಲ್ಲ, ಅದಕ್ಕೂ ಮೂರು ಸಹಿ ಬಿದ್ದಿರಬೇಕು.

ಬಿಡದೆ ಕಾಡಿ, ಇಂಜಿನಿಯರರನ್ನು ಅಕ್ಕನ ಹಿತ್ತಿಲಿಗೇ ಕರೆತಂದೆ. ಹಳ್ಳ ತನ್ನಷ್ಟಕ್ಕೆ ಹರಿಯುತ್ತಿತ್ತು. ಅವರು ಮೊದಲು ಮೊಬೈಲಿನಲ್ಲಿ ನಕ್ಷೆ ನೋಡಿದರು, ಆಮೇಲೆ ನೀರು ನೋಡಿದರು, ಮತ್ತೆ ನಕ್ಷೆ ನೋಡಿದರು.

“ಇದನ್ನ ನಾವು ಚರಂಡಿ ಅಂತ ತಗೊಂಡಿದೀವಿ ಸಾರ್.”

ಅಷ್ಟರಲ್ಲಿ ಮಿಂಚುಳ್ಳಿ ತಂತಿಯಿಂದ ನೀರಿಗೆ ಎರಗಿ ಒಂದು ಮೀನು ಎತ್ತಿಕೊಂಡು ಹೋಯಿತು. “ಚರಂಡೀಲಿ ಮೀನು ಎಲ್ಲಿಂದ ಬಂತಪ್ಪಾ?” ಅಂದೆ.

ಅವರು ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದರು: “ನನಗೂ ಕಣ್ಣು ಕಾಣುತ್ತೆ ಸಾರ್. ಆದ್ರೆ ಇದು ಹಳ್ಳ ಅಂತ ನಾನು ಬರೆದ್ರೆ, ಆ ಪಾರ್ಕಿಗೆ ಸಹಿ ಹಾಕಿದ ಹನ್ನೊಂದು ಜನಾನೂ ತಪ್ಪು ಅಂತಾಗುತ್ತೆ. ನಂದಿನ್ನೂ ಕೆಲಸ ಕಾಯಂ ಆಗಿಲ್ಲ.”

ಅವರ ಮೇಲೆ ಸಿಟ್ಟು ಬರಲಿಲ್ಲ. ಹೇಗೆ ಬರುತ್ತದೆ? ಮೂವತ್ತೆಂಟು ವರ್ಷ ಕಳೆದ ಮೇಲೆ ಈ ಮನುಷ್ಯನೂ ಯಾರದೋ ಹಿತ್ತಿಲಲ್ಲಿ ಕುಳಿತು ಟೀ ಗುಟುಕರಿಸಲಾರದೆ ಒದ್ದಾಡುತ್ತಾನಲ್ಲ ಎಂದು ಸಂಕಟವಾಯಿತು. ಅಕ್ಕ ಅವರಿಗೆ ಟೀ ಕೊಟ್ಟಳು. ಅವರು ಅರ್ಧ ಕುಡಿದು ಲೋಟ ಇಟ್ಟು ಹೋದರು.

ಹಾಗಾಗಿ ಮಾನ್ಯರೇ, ಆ ಹನ್ನೊಂದು ಜನರ ಸಹಿಯನ್ನು ನಾನು ಪ್ರಶ್ನಿಸುವುದಿಲ್ಲ. ತೊರೆ ಉದ್ಯಾನವನ್ನು ಮುಚ್ಚಿ ಎಂದೂ ಕೇಳುವುದಿಲ್ಲ, ಬಾತುಕೋಳಿಗಳು ಸುಖವಾಗಿರಲಿ. ನನ್ನ ಬೇಡಿಕೆ ಒಂದೇ. ನನ್ನ ಮೇಲೆ ಕೇಸು ಹಾಕಿ. ಗೆರೆ ಎಳೆದದ್ದು ಕೈತಪ್ಪಿ, ಆದರೆ ಆ ಎರಡು ಸೇತುವೆಗಳನ್ನು ಬರೆದದ್ದು ಗೊತ್ತಿದ್ದೇ. ಸರ್ಕಾರಿ ದಾಖಲೆಯಲ್ಲಿ ಇಲ್ಲದ್ದನ್ನು ಇದೆಯೆಂದು ಬರೆಯುವುದು ಅಪರಾಧ ಎಂದು ನನಗೆ ತರಬೇತಿಯಲ್ಲಿ ಹೇಳಿಕೊಟ್ಟದ್ದು ತಮ್ಮ ಸರ್ಕಾರವೇ. ಈ ಪತ್ರವೇ ನನ್ನ ತಪ್ಪೊಪ್ಪಿಗೆ, ಮೂಲ ಪ್ರತಿಗೆ ಸಹಿ ಹಾಕಿ, ವಿಳಾಸ ಬರೆದು, ಸ್ವೀಕೃತಿ ಸಂಖ್ಯೆ ಪಡೆದು ತಮ್ಮ ಮೇಜಿಗೆ ಕಳಿಸಿದ್ದೇನೆ. ಜಾಮೀನು ಕೇಳುವುದಿಲ್ಲ, ವಕೀಲರನ್ನೂ ಇಟ್ಟುಕೊಳ್ಳುವುದಿಲ್ಲ. ಅಕ್ಕನಿಗೆ ಹೇಳಿದೆ. “ಒಳ್ಳೇದೇ ಆಯ್ತು, ಹೋಗುವಾಗ ಇಸ್ತ್ರಿ ಮಾಡಿದ ಶರ್ಟು ಹಾಕ್ಕೊಂಡು ಹೋಗು” ಅಂದಳು.

ನಾನು ಹುಚ್ಚನೆಂದೋ ಸುಳ್ಳುಗಾರನೆಂದೋ ತಮಗೆ ಅನ್ನಿಸಿದರೆ, ಇಲಾಖೆಯ ಹೆಸರು ಕೆಡಿಸಿದ್ದಕ್ಕೆ ಕೇಸು ಹಾಕಿ, ಅದಕ್ಕೂ ಸಿದ್ಧ. ಆದರೆ ನಾನು ಆಗ ಸುಳ್ಳು ಬರೆದೆನೋ, ಈಗ ಸುಳ್ಳು ಬರೆಯುತ್ತಿದ್ದೇನೋ ಎಂದು ತೀರ್ಮಾನಿಸಲು ನ್ಯಾಯಾಲಯಕ್ಕೆ ಕಾಗದ ಸಾಲುವುದಿಲ್ಲ, ಸ್ಥಳ ಪರಿಶೀಲನೆ ಮಾಡಿಸುತ್ತದೆ. ತಮ್ಮ ಕಡೆಯವರು ಒಬ್ಬರು ಬೂಟು ಹಾಕಿಕೊಂಡು, ದಾಖಲೆಯಲ್ಲಿ ಖಾಲಿ ಇರುವ ಜಾಗಕ್ಕೆ ಇಳಿಯಲೇಬೇಕಾಗುತ್ತದೆ. ಕಾಂಕ್ರೀಟ್ ಬೀಳುವ ಮುಂಚೆ ಅದೊಂದು ನಡೆದರೆ ನನಗೆ ಸಾಕು. ಅವರ ಬೂಟು ಒದ್ದೆಯಾಗುತ್ತದೆ, ಅದನ್ನು ಯಾವ ಸೀಲಿನಿಂದಲೂ ಒಣಗಿಸಲು ಆಗುವುದಿಲ್ಲ.

ಇಂತಿ,
ಇಪ್ಪತ್ತೆರಡರಲ್ಲಿ ತಾವು ನಂಬಿದ, ಅರವತ್ತರಲ್ಲಿ ನಂಬದ,
ಬಂಧನಕ್ಕೆ ಬಾಗಿಲು ತೆರೆದಿಟ್ಟು ಕಾಯುತ್ತಿರುವ
ಒಬ್ಬ ನಿವೃತ್ತ ನಕ್ಷೆಗಾರ